ಕಲಿಸಿದರೆ ನರ್ಸ್‌ಗಳು ಬಿಟ್ಟು ಹೋಗುತ್ತಾರೆಯೇ?

ಪ್ರಶ್ನೆ: ಮೇಡಂ, ಮುಂಬಯಿಯ ಪೂರ್ವ ಉಪನಗರದಲ್ಲಿ ನಮ್ಮ ಸಮಾಜದ ಟ್ರಸ್ಟ್ ನಡೆಸುವ 60 ಹಾಸಿಗೆಗಳ ಆಸ್ಪತ್ರೆ ಇದೆ. ಅದರಲ್ಲಿ 8 ಐಸಿಯು ಹಾಸಿಗೆ. ನಾನು ಟ್ರಸ್ಟ್‌ನ ಕಾರ್ಯದರ್ಶಿ, ಮೂಲತಃ ಹೋಟೆಲ್ ಉದ್ಯಮದವನು. ನರ್ಸಿಂಗ್ ಸಿಬ್ಬಂದಿ 36 ಜನ: 4 ಬಿಎಸ್ಸಿ (ಪದವಿ), 21 ಜಿಎನ್‌ಎಂ (3 ವರ್ಷದ ನರ್ಸಿಂಗ್ ಡಿಪ್ಲೊಮಾ), 11 ಎಎನ್‌ಎಂ (2 ವರ್ಷದ ಸಹಾಯಕ ನರ್ಸ್ ಕೋರ್ಸ್). ಹೆಚ್ಚಿನವರು ಉಡುಪಿ, ದಕ್ಷಿಣ ಕನ್ನಡ, ಬೆಳಗಾವಿ ಕಡೆಯವರು. ಉಳಿದವರು ಕೇರಳ, ವಿದರ್ಭದವರು. 9 ಜನರ ನೋಂದಣಿ ಇನ್ನೂ ಕರ್ನಾಟಕದಲ್ಲೇ ಇದೆ. ಹೊಸ ಜಿಎನ್‌ಎಂಗೆ ತಿಂಗಳಿಗೆ 17,000 ರೂಪಾಯಿ ಕೊಡುತ್ತೇವೆ.

ಹಿಂದೆ ಇಬ್ಬರನ್ನು ನಮ್ಮ ಖರ್ಚಿನಲ್ಲಿ ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾಕ್ಕೆ ಕಳುಹಿಸಿದ್ದೆವು. ಬಂದು ವರ್ಷ ತುಂಬುವ ಮೊದಲೇ ಒಬ್ಬರು ದುಬೈಗೆ ಹೋದರು, ಇನ್ನೊಬ್ಬರು ದೊಡ್ಡ ಕಾರ್ಪೊರೇಟ್ ಆಸ್ಪತ್ರೆ ಸೇರಿದರು. ಈಗ 'ರೆಕ್ಕೆ ಕಟ್ಟಿ ಹಾರಿಸುವ ಕೆಲಸ ನಮಗ್ಯಾಕೆ' ಎನ್ನುತ್ತಾರೆ ಟ್ರಸ್ಟಿಗಳು. ಕಲಿಸಲೇಬೇಕು ಎನ್ನುತ್ತಾರೆ ಮೆಟ್ರನ್. 6 ವರ್ಷದಿಂದ ನಮ್ಮಲ್ಲಿರುವ ಒಬ್ಬ ಜಿಎನ್‌ಎಂ ಸಿಸ್ಟರ್‌ಗೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ಆದವರು ಮುಂದೆ ಓದುವ ಪದವಿ) ಮಾಡುವ ಆಸೆ. ಹಾಜರಿ ಬೇಡ, ಕೆಲಸ ಮಾಡುತ್ತಲೇ 2 ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಬಂದಿದ್ದಾನೆ. 3 ವರ್ಷದ ಬಾಂಡ್, ನಡುವೆ ಬಿಟ್ಟರೆ 2 ಲಕ್ಷ ದಂಡ, ಒರಿಜಿನಲ್ ಸರ್ಟಿಫಿಕೇಟ್ ನಮ್ಮ ಬೀರುವಿನಲ್ಲಿ ಎಂಬುದು ಟ್ರಸ್ಟಿಗಳ ಸಲಹೆ. ವರ್ಷಕ್ಕೆ 5 ಲಕ್ಷ ತೆಗೆದಿಡಬಹುದು. ಏನು ಮಾಡೋಣ? ನಾವೇ ಒಂದು ನರ್ಸಿಂಗ್ ಕಾಲೇಜು ತೆರೆದರೆ ಹೇಗೆ?

ಉತ್ತರ: ಕಾಲೇಜಿನ ಮಾತು ಮೊದಲು ಮುಗಿಸಿಬಿಡೋಣ. ಹೊಸ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಬೇಕು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ನಿಮ್ಮದು 60. ಆ ಫೈಲ್ ಮುಚ್ಚಿಡಿ.

ನಿಮ್ಮ ನಿಜವಾದ ಚಿಂತೆ ಬೇರೆ. ಕಲಿಸಿದರೆ ಹೋಗುತ್ತಾರೆ, ಕಲಿಸದಿದ್ದರೆ ಆಸ್ಪತ್ರೆ ಹಿಂದೆ ಬೀಳುತ್ತದೆ. ಮುಂಬಯಿ, ಪುಣೆಯ ಸಣ್ಣ ಟ್ರಸ್ಟ್ ಆಸ್ಪತ್ರೆಗಳಲ್ಲೆಲ್ಲ ಇದೇ ಮಾತು. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದ ಕಾಲದಲ್ಲೂ ಇದನ್ನು ಕೇಳಿದ್ದೇನೆ, ಈಗ ಸಲಹೆಗಾರ್ತಿಯಾಗಿ ಹೋದಲ್ಲೂ ಕೇಳುತ್ತಿದ್ದೇನೆ.

ನಿಮಗೆ ನಾನು ಕೇಳಬೇಕಾದದ್ದು ಒಂದಿದೆ. ಡಿಪ್ಲೊಮಾ ಮುಗಿಸಿ ಬಂದ ಆ ಇಬ್ಬರಿಗೆ ನೀವು ಯಾವ ಡ್ಯೂಟಿ ಕೊಟ್ಟಿರಿ? ಸಂಬಳ ಎಷ್ಟು ಏರಿತು? ಪತ್ರದಲ್ಲಿ ಅದಿಲ್ಲ. ಆದರೆ ಬೇರೆ ಕಡೆ ಏನಾಗುತ್ತದೆ ಎಂದು ನನಗೆ ಗೊತ್ತು. ಒಂದು ಆಸ್ಪತ್ರೆಯಲ್ಲಿ ಕ್ರಿಟಿಕಲ್ ಕೇರ್ ಕಲಿತು ಬಂದ ಹುಡುಗಿಯನ್ನು ಜನರಲ್ ವಾರ್ಡ್‌ಗೆ ಹಾಕಿದರು. ಕಾರಣ? ವಾರ್ಡ್‌ನಲ್ಲಿ ಆ ತಿಂಗಳು ಜನ ಕಡಿಮೆ. ಒಂದು ತಿಂಗಳು ಮೂರಾಯಿತು. ವೆಂಟಿಲೇಟರ್ ನೋಡಿಕೊಳ್ಳಲು ಕಲಿತವಳು ಡಿಸ್ಚಾರ್ಜ್ ಫೈಲ್ ಹಿಡಿದು ಬಿಲ್ಲಿಂಗ್ ಕೌಂಟರ್‌ಗೆ ಓಡಾಡುತ್ತಿದ್ದಳು. ಐಸಿಯುನಲ್ಲಿ ಅವಳಿಗಿಂತ ಕಡಿಮೆ ಕಲಿತವರು ಇದ್ದರು. ಸಂಬಳ ಹಳೆಯದೇ. ಅವಳು ಬಿಟ್ಟಾಗ 'ನೋಡಿ, ಕಲಿಸಿದ್ದಕ್ಕೆ ಹೋದಳು' ಎಂದರು ಆಡಳಿತದವರು. ಕಲಿತದ್ದಕ್ಕೆ ಜಾಗ ಸಿಗಲಿಲ್ಲ ಅಂತ ಹೋದಳು. ಎರಡೂ ಬೇರೆ ಬೇರೆ ಅಲ್ವಾ?

ದುಬೈಗೆ ಹೋದವರ ಲೆಕ್ಕ ಬೇರೆ. ಗಲ್ಫ್‌ಗೆ ಹೋಗಬೇಕು ಅಂತ ಮನಸ್ಸು ಮಾಡಿದವರು ನೀವು ಕಲಿಸಿದರೂ ಹೋಗುತ್ತಾರೆ, ಕಲಿಸದಿದ್ದರೂ ಹೋಗುತ್ತಾರೆ. ಅವರಿಗೆ ಬೇಕಾದದ್ದು ಮುಖ್ಯವಾಗಿ ಕೆಲಸದ ಅನುಭವ ಮತ್ತು ಅಲ್ಲಿನ ಲೈಸೆನ್ಸ್ ಪರೀಕ್ಷೆ. ಕರಾವಳಿಯ ಮನೆಗಳಲ್ಲಿ ತಂಗಿಯ ಮದುವೆ, ಊರಿನ ಮನೆ ಸಾಲ ಇವೆಲ್ಲ ಆ ಸಂಬಳದಿಂದಲೇ ತೀರಬೇಕು. ಅದನ್ನು ಯಾವ ಬಾಂಡೂ ತಡೆಯದು. ಕಾರ್ಪೊರೇಟ್‌ಗೆ ಹೋದವರನ್ನು ಮಾತ್ರ ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳಬಹುದಿತ್ತು.

ಸಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸ್ಥಿತಿಗತಿ ನೋಡಲು ಸಮಿತಿ ಮಾಡಿ ಎಂದು 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಸಮಿತಿಯ ಶಿಫಾರಸು ಹೀಗಿದೆ. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಸಂಬಳಕ್ಕಿಂತ ಕಡಿಮೆಯಾದರೂ ಆ ಕೊರತೆ 10% ಮೀರಬಾರದು. 50ರಿಂದ 100 ಇದ್ದರೆ ಕೊರತೆ 25% ಮೀರಬಾರದು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯೂ 20,000ಕ್ಕಿಂತ ಕಡಿಮೆ ಕೊಡಬಾರದು. ಇದನ್ನು ಜಾರಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟದ್ದರಿಂದ ಬಹಳ ಕಡೆ ಕಾಗದದಲ್ಲೇ ಉಳಿಯಿತು. ಆದರೂ ನೋಡಿ, 60 ಹಾಸಿಗೆಯ ನಿಮ್ಮ 17,000 ಆಗ ಅತಿ ಸಣ್ಣ ಆಸ್ಪತ್ರೆಗೆ ಹೇಳಿದ ಮೊತ್ತಕ್ಕಿಂತಲೂ ಕೆಳಗಿದೆ. ಈ ಸಂಬಳಕ್ಕೆ ಬಾಂಡ್ ಕಟ್ಟಿ ಜನರನ್ನು ಹಿಡಿದಿಡುತ್ತೇವೆ ಎನ್ನುವುದು ನಡೆಯುವ ಮಾತಲ್ಲ.

ಇನ್ನು ಕಲಿಕೆಯಿಂದ ಆಸ್ಪತ್ರೆಗೆ ಏನು ಲಾಭ ಎಂದು ಟ್ರಸ್ಟಿಗಳು ಕೇಳಬಹುದು. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಆಪರೇಷನ್ ಆದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ಅದು. ಪದವೀಧರ ನರ್ಸ್‌ಗಳ ಪಾಲು 10% ಹೆಚ್ಚಿದ್ದಲ್ಲಿ ರೋಗಿಗಳು 30 ದಿನದೊಳಗೆ ಸಾಯುವ ಸಂಭವ 7% ಕಡಿಮೆ ಇತ್ತು. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಒಬ್ಬ ನರ್ಸ್ ನೋಡುವ ರೋಗಿಗಳು ಒಬ್ಬರಷ್ಟು ಹೆಚ್ಚಿದರೆ ಆ ಸಂಭವ 7% ಏರುತ್ತದೆ. ಯುರೋಪಿನ ಅಂಕಿಯನ್ನು ಹಾಗೇ ಎತ್ತಿ ನಮ್ಮ ವಾರ್ಡ್‌ಗೆ ಹಚ್ಚಲಾಗದು. ಆದರೆ ಒಂದು ಮಾತು ಇಲ್ಲಿಗೂ ಸರಿ. ಓದಿಸಿ, ಕೆಲಸದ ಹೊರೆ ಹಾಗೇ ಬಿಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ವಿಷಯ ಬಂತು. ನಿಮ್ಮ 5 ಲಕ್ಷವನ್ನು ಮೊದಲು ಕೋರ್ಸ್ ಫೀಸಿಗೆ ಇಡಬೇಡಿ, ರೋಸ್ಟರ್‌ಗೆ, ಅಂದರೆ ಡ್ಯೂಟಿ ಪಟ್ಟಿಗೆ ಬೇಕಾದ ಜನಕ್ಕೆ ಇಡಿ.

ಮುಂಬಯಿಯ ಕನ್ನಡಿಗರಿಗೆ ಇದು ಒಪ್ಪಲು ಕಷ್ಟ ಎಂದು ಬಲ್ಲೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮ ಸಮಾಜದಲ್ಲಿ ಎಷ್ಟೋ ಜನ. ನಿಮ್ಮ ಟ್ರಸ್ಟಿಗಳಲ್ಲೂ ಇರಬಹುದು. 'ನಾವು ಹಾಗೆ ಓದಲಿಲ್ವಾ, ಇವರಿಗೇನು?' ಎಂಬ ಮಾತು ಅಲ್ಲಿಂದ ಬರುತ್ತದೆ. ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ನರ್ಸಿಂಗ್‌ಗೆ ರಾತ್ರಿ ಶಾಲೆ ಇಲ್ಲ. ಅರ್ಧ ಓದು ರೋಗಿಯ ಪಕ್ಕದಲ್ಲೇ ನಡೆಯಬೇಕು. ಮೇಲಾಗಿ ನರ್ಸ್‌ಗೆ ರಾತ್ರಿ ಎಂದರೆ ಡ್ಯೂಟಿ.

ನಮ್ಮಲ್ಲಿ ತರಬೇತಿ ಹೇಗೆ ನಡೆಯುತ್ತದೆ ನೋಡಿ. ನೈಟ್ ಮುಗಿದು ಬೆಳಿಗ್ಗೆ 8ಕ್ಕೆ ಹ್ಯಾಂಡೋವರ್, ಅಂದರೆ ಮುಂದಿನ ಪಾಳಿಗೆ ರೋಗಿಗಳನ್ನು ಒಪ್ಪಿಸುವುದು. 9ಕ್ಕೆ ಕ್ಲಾಸ್. ದೂರದ ಬದ್ಲಾಪುರದಿಂದ ಬರುವ ಸಿಸ್ಟರ್ ರಾತ್ರಿಯಿಡೀ ಎದ್ದಿದ್ದಾಳೆ. ಕ್ಲಾಸಿನಲ್ಲಿ ಕಣ್ಣು ತೆರೆದೇ ನಿದ್ದೆ. ಪ್ರೊಜೆಕ್ಟರ್ ಓಡುತ್ತದೆ, ಹಾಜರಿ ಪುಸ್ತಕ ತಿರುಗುತ್ತದೆ, ಸಹಿ ಬೀಳುತ್ತದೆ. ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಕೊಡುವ ನ್ಯಾಬ್ (ಎನ್‌ಎಬಿಎಚ್) ತಪಾಸಣೆಗೆ ಒಂದು ಫೈಲ್ ಸಿದ್ಧ. ಸುಮ್ನೆ ಸಮಯ ಹಾಳು. ಮಧ್ಯಾಹ್ನ ಡ್ಯೂಟಿಯವರನ್ನು ಎರಡು ಗಂಟೆ ಮೊದಲೇ ಕರೆಸುವುದೂ ಇದೇ ಜಾತಿಯದು. ನರ್ಸ್‌ಗಳು ಕಲಿಕೆಯನ್ನು ದ್ವೇಷಿಸಲು ಕಲಿಯುವುದು ಹೀಗೆ.

ಡ್ಯೂಟಿ ಸಮಯದಲ್ಲೇ ಕಲಿಸಿದರೆ ಎಷ್ಟು ಖರ್ಚು? ಲೆಕ್ಕ ಹಾಕೋಣ, ನೀವು ವ್ಯಾಪಾರಸ್ಥರು. ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆಗಳ ಮುಂದುವರಿದ ಕಲಿಕೆ ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ನಮ್ಮವರು ಇದನ್ನು ಸಿಎನ್‌ಇ ಎನ್ನುತ್ತಾರೆ. ವರ್ಷಕ್ಕೆ 30 ಗಂಟೆ. 36 ಜನಕ್ಕೆ 1,080 ಗಂಟೆ. ಒಬ್ಬ ನರ್ಸ್ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಕೆಲಸ ಮಾಡಿದರೆ, ರಜೆ ಕಳೆದು ವರ್ಷಕ್ಕೆ ಸುಮಾರು 2,250 ಗಂಟೆ ಸಿಗುತ್ತದೆ. ಅಂದರೆ ನಿಮ್ಮ ಇಡೀ ಸಿಬ್ಬಂದಿಯ ಸಿಎನ್‌ಇಗೆ ಬೇಕಾದದ್ದು ಒಬ್ಬ ಬದಲಿ ನರ್ಸ್‌ನ ಅರ್ಧ ವರ್ಷ. ಆಕೆಗೆ ತಿಂಗಳಿಗೆ 22,000 ಕೊಟ್ಟರೂ ವರ್ಷಕ್ಕೆ 2.64 ಲಕ್ಷ. ಉಳಿದ ಅರ್ಧ ವರ್ಷ ಆಕೆ ಬೇರೆ ಕೆಲಸಕ್ಕೆ ಸಿಗುತ್ತಾಳೆ, ಅದನ್ನು ಮುಂದೆ ಹೇಳುತ್ತೇನೆ. ನಿಮ್ಮ 5 ಲಕ್ಷದಲ್ಲಿ ಇನ್ನೂ 2 ಲಕ್ಷಕ್ಕಿಂತ ಜಾಸ್ತಿ ಕೈಯಲ್ಲಿರುತ್ತದೆ.

ಸಿಬ್ಬಂದಿ ಲೆಕ್ಕ ಹಾಕುವಾಗ 30% ರಜೆ ಮೀಸಲು ಸೇರಿಸಿ ಎಂದು ಕೌನ್ಸಿಲ್ ಹೇಳುವುದು ಇದಕ್ಕೇ. ನಿಮ್ಮ 36ರಲ್ಲಿ ಆ ಮೀಸಲು ಇದ್ದಂತೆ ಕಾಣುವುದಿಲ್ಲ. ಐಸಿಯುಗೆ ಪ್ರತಿ ಶಿಫ್ಟ್‌ನಲ್ಲಿ ಒಂದು ಹಾಸಿಗೆಗೆ ಒಬ್ಬ ನರ್ಸ್ ಎಂಬುದು ಮಾನದಂಡ. ನಿಮ್ಮ 8 ಹಾಸಿಗೆಗೆ ಮೂರು ಶಿಫ್ಟ್‌ಗೆ 24 ಜನ ಅಲ್ಲೇ ಮುಗಿದರು! ಅಷ್ಟು ಜನ ನಿಮ್ಮ ಐಸಿಯುನಲ್ಲಿ ಇಲ್ಲ ಎಂದು ಪಂದ್ಯ ಕಟ್ಟುತ್ತೇನೆ.

ಇನ್ನು ಏನು ಕಲಿಸುವುದು. ದೊಡ್ಡ ಡಿಗ್ರಿಗಳಿಗಿಂತ ಮೊದಲು ಹಾಸಿಗೆ ಪಕ್ಕದ ಕಲಿಕೆ. ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ಮೆಟ್ರನ್‌ಗೆ ತೋರಿಸಿ.

ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಶಕ್ತಿಯಲ್ಲಿ ಬರುತ್ತದೆ. ಒಂದು ಮಿಲಿಗೆ 40 ಯುನಿಟ್, ಇನ್ನೊಂದು ಮಿಲಿಗೆ 100 ಯುನಿಟ್. ಅದಕ್ಕೆ ತಕ್ಕ ಸಿರಿಂಜೂ ಎರಡು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ರಾತ್ರಿ ಫಾರ್ಮಸಿಯಲ್ಲಿ ಕೆಂಪು ಮುಗಿದಿದೆ, ಕಿತ್ತಳೆ ಕೊಟ್ಟರು ಎನ್ನಿ. ಸಿಸ್ಟರ್ 40ರ ಬಾಟಲಿಯಿಂದ 20ರ ಗೆರೆವರೆಗೆ ಎಳೆದಳು. ಅದರಲ್ಲಿ ಇರುವುದು 0.2 ಮಿಲಿ, ಅಂದರೆ 8 ಯುನಿಟ್ ಮಾತ್ರ. ಬೆಳಿಗ್ಗೆ ಸಕ್ಕರೆ ಏರಿದೆ ಅಂತ ಡಾಕ್ಟರ್ ಡೋಸ್ ಹೆಚ್ಚಿಸುತ್ತಾರೆ. ಮರುದಿನ ಸರಿಯಾದ ಸಿರಿಂಜ್ ಬಂತು, ರೋಗಿಗೆ ಸಕ್ಕರೆ ಪಾತಾಳಕ್ಕೆ ಇಳಿಯಿತು. ಉಲ್ಟಾ ಆದರೆ ಇನ್ನೂ ಅಪಾಯ. 100ರ ಬಾಟಲಿ, ಕೆಂಪು ಸಿರಿಂಜ್, 20ರ ಗೆರೆ ಅಂದರೆ 0.5 ಮಿಲಿ, 50 ಯುನಿಟ್ ಒಳಗೆ ಹೋಯಿತು. ಎರಡೂವರೆ ಪಟ್ಟು.

ಇದನ್ನು ಕಲಿಸಲು ಹಾಲ್ ಬೇಡ, ಅತಿಥಿ ಭಾಷಣಕಾರರು ಬೇಡ. ಎರಡು ಬಾಟಲಿ, ಎರಡು ಸಿರಿಂಜ್, ಹ್ಯಾಂಡೋವರ್ ಆದ ಮೇಲೆ ಹತ್ತು ನಿಮಿಷ. ಇಂಜೆಕ್ಷನ್ ಟ್ರಾಲಿ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಕೈಯಲ್ಲೂ ಎಳೆಸಬೇಕು. ಆಮೇಲೆ ಫಾರ್ಮಸಿಯವನನ್ನೂ ಕರೆದು ಹೇಳಬೇಕು, ಇಲ್ಲದಿದ್ದರೆ ಕಲಿಸಿದ್ದು ಮುಂದಿನ ಆರ್ಡರ್‌ನಲ್ಲೇ ಮುಳುಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ನೇರ ರಕ್ತನಾಳಕ್ಕೆ ಕೊಡಬಾರದು, ಅದು ವಾರ್ಡ್ ಟ್ರಾಲಿಯಲ್ಲಿ ಬೇರೆ ಆಂಪೂಲ್ ಜೊತೆ ಇರಲೇಬಾರದು ಎಂಬುದು ಇನ್ನೊಂದು ಪಾಠ. ರಕ್ತ ಕೊಡುವಾಗ ಮೊದಲ 15 ನಿಮಿಷ ಪಕ್ಕದಲ್ಲೇ ಇರುವುದು ಮತ್ತೊಂದು. ಡಾಕ್ಟರ್‌ಗೆ ಫೋನ್ ಮಾಡುವಾಗ ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಬೇಕು ಎಂಬ ನಾಲ್ಕು ಮಾತಿನ ಕ್ರಮ ಇದೆ. ಅದಕ್ಕೆ ಎಸ್‌ಬಿಎಆರ್ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯರಿಗೆ ಇದು ದೊಡ್ಡ ಆಸರೆ. ಅವರಿಗೆ ವಿಷಯ ಗೊತ್ತಿರುತ್ತದೆ, ರಾತ್ರಿ ಎರಡು ಗಂಟೆಗೆ ಆರ್‌ಎಂಒ (ಡ್ಯೂಟಿ ಡಾಕ್ಟರ್) ಎದುರು ಇಂಗ್ಲಿಷ್ ಮಾತ್ರ ಹೊರಡುವುದಿಲ್ಲ. ಬಾಯಿಪಾಠ ಆದ ನಾಲ್ಕು ವಾಕ್ಯ ಇದ್ದರೆ ಧೈರ್ಯ ಬರುತ್ತದೆ. ಕಲಿಸುವಾಗ ಕನ್ನಡ, ಹಿಂದಿ, ಮರಾಠಿ ಯಾವುದೂ ನಡೆಯುತ್ತದೆ. ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ.

ಕೆಲವು ತರಬೇತಿಯನ್ನು ಕಾನೂನೇ ಕೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಎಲ್ಲ ಸಿಬ್ಬಂದಿಗೆ ತರಬೇತಿ ಕೊಡಬೇಕು. ಮಾವಶಿ (ಆಯಾ), ವಾರ್ಡ್‌ಬಾಯ್‌ಗಳೂ ಇದರಲ್ಲಿ ಸೇರುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವವರು ಹೆಚ್ಚಾಗಿ ಅವರೇ.

ಹೊರಗಿನ ಸಣ್ಣ ಕೋರ್ಸ್‌ಗಳಲ್ಲಿ ಹೃದಯ ನಿಂತಾಗಿನ ತುರ್ತು ಚಿಕಿತ್ಸೆ ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ಮುಖ್ಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್ 2 ವರ್ಷಕ್ಕೆ ಮಾತ್ರ ಚಾಲ್ತಿ. 36 ಜನಕ್ಕೂ ಕಾರ್ಡ್ ಮಾಡಿಸಿ ಗೋಡೆಗೆ ಹಾಕುವ ಚಟ ಬೇಡ. ಐಸಿಯು, ಕ್ಯಾಶುವಲ್ಟಿಯವರಿಗೆ ಕಾರ್ಡ್ ಮಾಡಿಸಿ. ಉಳಿದವರಿಗೆ ಮೂರು ತಿಂಗಳಿಗೊಮ್ಮೆ ಗೊಂಬೆಯ ಮೇಲೆ ಎದೆ ಒತ್ತಿಸಿ ಅಭ್ಯಾಸ ಮಾಡಿಸಿ. ಕಾರ್ಡ್ ಇದ್ದೂ ಎರಡು ವರ್ಷ ಗೊಂಬೆ ಮುಟ್ಟದವರಿಗಿಂತ ಇವರು ಚೆನ್ನಾಗಿ ಮಾಡುತ್ತಾರೆ.

ಈಗ ನಿಮ್ಮ ಸಿಸ್ಟರ್‌ನ ಪೋಸ್ಟ್ ಬೇಸಿಕ್ ಬಿಎಸ್ಸಿ. ಜಿಎನ್‌ಎಂ ಮುಚ್ಚಿಹೋಗುತ್ತದೆ, ಬಿಎಸ್ಸಿ ಇಲ್ಲದವರ ನೋಂದಣಿ ರದ್ದಾಗುತ್ತದೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಏಜೆಂಟರು ಬದುಕುವುದೇ ಆ ಭಯದ ಮೇಲೆ. ಒಮ್ಮೆ ನೋಂದಣಿಯಾದ ಜಿಎನ್‌ಎಂ ನರ್ಸ್, ನವೀಕರಿಸುತ್ತ ಹೋದರೆ ನರ್ಸ್ ಆಗಿಯೇ ಇರುತ್ತಾರೆ. ಹಾಗಾಗಿ ಗಾಬರಿಗೆ ಓದುವುದು ಬೇಡ. ಬೋಧನೆ, ಮೇಲಿನ ಹುದ್ದೆ, ಮುಂದೆ ಎಂಎಸ್ಸಿ ಬೇಕು ಎನ್ನುವವರಿಗೆ ಅದು ಸರಿಯಾದ ದಾರಿ.

ಹಾಜರಿ ಬೇಡದ ಡಿಗ್ರಿಯ ಏಜೆಂಟ್‌ನನ್ನು ಗೇಟಿನಿಂದಲೇ ವಾಪಸ್ ಕಳುಹಿಸಿ. ರೆಗ್ಯುಲರ್ ಪೋಸ್ಟ್ ಬೇಸಿಕ್ 2 ವರ್ಷದ್ದು. ಪರೀಕ್ಷೆಗೆ ಕೂರಲು 80% ಹಾಜರಿ ಬೇಕು, ಪದವಿ ಸಿಗುವ ಮೊದಲು ಕ್ಲಿನಿಕಲ್ ಹಾಜರಿ 100% ಆಗಿರಬೇಕು. ಹೀಗಿರುವಾಗ 'ಹಾಜರಿ ಬೇಡ' ಎಂದರೆ ಏನು? ಯಾರೋ ಸುಳ್ಳು ಹಾಜರಿ ಬರೆಯುತ್ತಾರೆ ಅಂತ. ಅದೇ 2 ವರ್ಷ ನಿಮ್ಮ ಮಸ್ಟರ್‌ನಲ್ಲಿ ಆಕೆಯ ಸಹಿ ಇರುತ್ತದೆ, ಪಿಎಫ್ ಕಟ್ಟಿರುತ್ತೀರಿ, ಸಂಬಳ ಬ್ಯಾಂಕಿಗೆ ಹೋಗಿರುತ್ತದೆ. ಒಂದೇ ದಿನ ಒಬ್ಬಳೇ ಹೆಣ್ಣುಮಗಳು ಮುಂಬಯಿಯ ವಾರ್ಡ್‌ನಲ್ಲೂ ಕಾಲೇಜಿನ ಕ್ಲಾಸಿನಲ್ಲೂ ಇದ್ದಾಳೆ ಎಂದು ಎರಡು ದಾಖಲೆ ಹೇಳುತ್ತವೆ. ಮುಂದೆ ವಿದೇಶಕ್ಕೋ ಸರ್ಕಾರಿ ಕೆಲಸಕ್ಕೋ ಅರ್ಜಿ ಹಾಕಿದಾಗ ದಿನಾಂಕ ಹೋಲಿಸಿದರೆ ಸಾಕು, ಸಿಕ್ಕಿಬೀಳುತ್ತಾಳೆ. ಆಗ ಕಳೆದುಕೊಳ್ಳುವುದು ಬರೀ ಡಿಗ್ರಿ ಅಲ್ಲ, ನಿಮ್ಮಲ್ಲಿ ದುಡಿದ ಅನುಭವವೂ ಅನುಮಾನಕ್ಕೆ ಬೀಳುತ್ತದೆ. ಏಜೆಂಟ್ ಅಷ್ಟರಲ್ಲಿ ನಂಬರ್ ಬದಲಿಸಿರುತ್ತಾನೆ.

ಹಾಗಾದರೆ ಕೆಲಸ ಬಿಡದೆ ಓದುವ ದಾರಿಯೇ ಇಲ್ವಾ? ಒಂದಿದೆ. ಇಗ್ನೋ ವಿಶ್ವವಿದ್ಯಾಲಯ ಕೆಲಸದಲ್ಲಿರುವ ನರ್ಸ್‌ಗಳಿಗೆಂದೇ ಪೋಸ್ಟ್ ಬೇಸಿಕ್ ನಡೆಸುತ್ತ ಬಂದಿದೆ. ಕನಿಷ್ಠ 3 ವರ್ಷ. ಪ್ರವೇಶ ಪರೀಕ್ಷೆ ಇದೆ. ಪಿಯುಸಿ ಮುಗಿಸಿ ಜಿಎನ್‌ಎಂ ಮಾಡಿದವರಿಗೆ ನೋಂದಣಿಯ ನಂತರ 2 ವರ್ಷದ ಅನುಭವ ಕೇಳುತ್ತಾರೆ. ಅದರಲ್ಲೂ ಸಂಪರ್ಕ ತರಗತಿ, ಕ್ಲಿನಿಕಲ್ ಹಾಜರಿ ಕಡ್ಡಾಯ. ಆ ದಿನಗಳಿಗೆ ನೀವು ರಜೆ ಕೊಡಬೇಕು. ಸೀಟು ಕಡಿಮೆ, ಆ ವರ್ಷದ ಪ್ರಕಟಣೆ ನೋಡಿಯೇ ಹೆಜ್ಜೆ ಇಡಿ. ಬೇರೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆನ್‌ಲೈನ್ ನರ್ಸಿಂಗ್ ಪದವಿ ಎಂದರೆ ನಂಬಬೇಡಿ.

ರೆಗ್ಯುಲರ್ ಬೇಕಾದರೆ ಮುಂಬಯಿಯಲ್ಲೇ ಒಳ್ಳೆಯ ಜಾಗಗಳಿವೆ. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್ಸಿ ನರ್ಸಿಂಗ್ ಕಾಲೇಜು 1964ರಿಂದ ಇದೆ. ಬೈಕಲಾದ ಜೆ.ಜೆ. ಆಸ್ಪತ್ರೆ ಜೊತೆಗೆ ಸರ್ಕಾರಿ ನರ್ಸಿಂಗ್ ಶಿಕ್ಷಣ ಸಂಸ್ಥೆ ಇದೆ. ಕ್ಯಾನ್ಸರ್ ನರ್ಸಿಂಗ್ ಎಂದರೆ ಪರೇಲ್‌ನ ಟಾಟಾ ಮೆಮೋರಿಯಲ್. ರೆಗ್ಯುಲರ್ ಎಂದರೆ 2 ವರ್ಷ ಆಕೆ ನಿಮಗಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಿ.

ಆ 6 ವರ್ಷದ ಸಿಸ್ಟರ್ ವಿಷಯದಲ್ಲಿ ನನ್ನ ಆಯ್ಕೆ ಇಗ್ನೋ. ಸೀಟು ಸಿಗದಿದ್ದರೆ ಕ್ರಿಟಿಕಲ್ ಕೇರ್‌ನಂಥ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಸಂಬಳದ ಅರ್ಧ ಕೊಡುತ್ತ ಕಳುಹಿಸಿ, ಬಂದ ಮೇಲಿನ ಹುದ್ದೆ ಮತ್ತು ಭತ್ಯೆಯನ್ನು ಹೋಗುವ ಮೊದಲೇ ಪತ್ರದಲ್ಲಿ ಬರೆದುಕೊಡಿ. 'ಬಂದ ಮೇಲೆ ನೋಡೋಣ' ಎಂಬ ಮಾತನ್ನು ನರ್ಸ್‌ಗಳು ಬೇಕಾದಷ್ಟು ಕೇಳಿದ್ದಾರೆ.

ಎಎನ್‌ಎಂ 11 ಜನರ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ನನಗೆ ಚಿಂತೆ ಅವರದ್ದೇ. ಆ 2 ವರ್ಷದ ಕೋರ್ಸ್ ಇರುವುದು ಹಳ್ಳಿ, ಬಡಾವಣೆಯ ತಾಯಿ ಮಕ್ಕಳ ಆರೋಗ್ಯಕ್ಕೆ. ಅವರನ್ನು ಐಸಿಯುನಲ್ಲಿ ಒಂಟಿಯಾಗಿ ನಿಲ್ಲಿಸುತ್ತಿದ್ದರೆ ಇಂದೇ ನಿಲ್ಲಿಸಿ. ಓದುವ ಆಸೆ ಇರುವವರು ಜಿಎನ್‌ಎಂಗೆ ಸೇರಲು ಅರ್ಹರು, ಪೂರ್ತಿ 3 ವರ್ಷ ಓದಬೇಕು. ಇನ್ನು ಗಲ್ಲಿಗಲ್ಲಿಯಲ್ಲಿ ಸಿಗುವ ಆರು ತಿಂಗಳ 'ನರ್ಸಿಂಗ್' ಸರ್ಟಿಫಿಕೇಟ್‌ನಿಂದ ಯಾವ ಕೌನ್ಸಿಲ್‌ನಲ್ಲೂ ನೋಂದಣಿ ಆಗುವುದಿಲ್ಲ. ನಿಮ್ಮ ಮಾವಶಿಯರ ಮಕ್ಕಳು ಅದಕ್ಕೆ ದುಡ್ಡು ಕಟ್ಟದಂತೆ ಒಂದು ಮಾತು ಹೇಳಿಬಿಡಿ.

ಕರ್ನಾಟಕ ನೋಂದಣಿ ಇರುವ 9 ಜನರ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು. ಮಹಾರಾಷ್ಟ್ರದಲ್ಲಿ ದುಡಿಯುವ ನರ್ಸ್ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಬೆಂಗಳೂರಿನ ಕೌನ್ಸಿಲ್‌ನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ ಇಲ್ಲಿ ಅರ್ಜಿ ಹಾಕಬೇಕು. ರಾಷ್ಟ್ರೀಯ ನರ್ಸ್ ರಿಜಿಸ್ಟರ್‌ನ ಎನ್‌ಯುಐಡಿ ಸಂಖ್ಯೆ ಇಲ್ಲದಿದ್ದರೆ ಅದನ್ನೂ ಮಾಡಿಸಿ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಫೈಲ್ ಅಲ್ಲೇ ನಿಲ್ಲುತ್ತದೆ. ಕರಾವಳಿಯಲ್ಲಿ ಇದು ಸಾಮಾನ್ಯ. ಮದುವೆಗೆ ಮುಂಚೆ ಒಂದು ಹೆಸರು, ಆಮೇಲೆ ಗಂಡನ ಮನೆ ಹೆಸರು. ಮೊದಲು ಅದನ್ನು ಸರಿಪಡಿಸಿ. ಇದು ಮುಗಿಯದೆ ಇಲ್ಲಿ ಸಿಎನ್‌ಇ ಗಂಟೆಗಳನ್ನು ಜಮಾ ಮಾಡಿಸುವುದೂ ಕಷ್ಟ, ಮುಂದಿನ ಪ್ರವೇಶವೂ ಕಷ್ಟ. ನಿಮ್ಮ ಆಫೀಸಿನ ಒಬ್ಬ ಗುಮಾಸ್ತನಿಗೆ ಈ ಕೆಲಸ ಒಪ್ಪಿಸಿದರೆ ನರ್ಸ್‌ಗಳು ರಜೆ ಹಾಕಿ ಊರಿಗೆ ಓಡುವುದು ತಪ್ಪುತ್ತದೆ. ಎಷ್ಟೋ ಆಸ್ಪತ್ರೆಗಳು ಇದನ್ನು ನರ್ಸ್‌ನ ಸ್ವಂತ ಕೆಲಸ ಎಂದು ಕೈಬಿಡುತ್ತವೆ. ನೀವು ಮಾಡಿಸಿಕೊಟ್ಟರೆ ಅದೂ ಒಂದು ನೆರವೇ, ಖರ್ಚೂ ಹೆಚ್ಚಿಲ್ಲ.

ಬಾಂಡ್. ಇದರಲ್ಲಿ ಎರಡು ತಪ್ಪು ನಂಬಿಕೆ ಇದೆ. ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎನ್ನುತ್ತಾರೆ ನರ್ಸ್‌ಗಳು. ಎಷ್ಟು ಬರೆದರೂ ವಸೂಲಾಗುತ್ತದೆ ಎನ್ನುತ್ತಾರೆ ಆಡಳಿತದವರು. ಎರಡೂ ಸರಿಯಲ್ಲ. ಒಂದು ಸಾರ್ವಜನಿಕ ಬ್ಯಾಂಕಿನ ನೌಕರರೊಬ್ಬರ ಪ್ರಕರಣದಲ್ಲಿ 3 ವರ್ಷ ಸೇವೆ ಅಥವಾ 2 ಲಕ್ಷ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಬಾಂಡ್ ಪೂರ್ತಿ ಕಾಗದದ ಚೂರಲ್ಲ. ಹಾಗೆಂದು ಅದನ್ನೇ ಹಿಡಿದು ನೀವೂ 2 ಲಕ್ಷ ಬರೆಯಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. 17,000 ಸಂಬಳದ ಹುಡುಗಿಯ ಮೇಲೆ, 40,000 ಖರ್ಚಿನ ಕೋರ್ಸ್‌ಗೆ 2 ಲಕ್ಷ ದಂಡ ಎಂದರೆ ಯಾವ ನ್ಯಾಯಾಧೀಶರಿಗೂ ಅದು ನ್ಯಾಯ ಅನ್ನಿಸದು.

ನಾನು ಬರೆಸುವ ಒಪ್ಪಂದ ಹೀಗಿರುತ್ತದೆ. ಆಸ್ಪತ್ರೆ ನಿಜವಾಗಿ ಮಾಡಿದ ಖರ್ಚನ್ನು ರಸೀದಿ ಸಮೇತ ಬರೆಯುವುದು. ಮರಳಿ ಬಂದ ಮೇಲೆ 18 ಅಥವಾ 24 ತಿಂಗಳ ಅವಧಿ. ಪ್ರತಿ ತಿಂಗಳು ದುಡಿದಂತೆ ಬಾಕಿ ಕರಗುತ್ತ ಹೋಗುವುದು. ನಡುವೆ ಬಿಟ್ಟರೆ ಉಳಿದಷ್ಟು ಮಾತ್ರ ಕಟ್ಟುವುದು. ಆಸ್ಪತ್ರೆ ತಾನು ಬರೆದುಕೊಟ್ಟ ಹುದ್ದೆ, ಭತ್ಯೆ ಕೊಡದಿದ್ದರೆ ಬಾಕಿ ಪೂರ್ತಿ ರದ್ದು. ಈ ಕೊನೆಯ ಸಾಲನ್ನು ಟ್ರಸ್ಟಿಗಳು ತೆಗೆಸಲು ನೋಡುತ್ತಾರೆ, ಬಿಡಬೇಡಿ. ಅದಿಲ್ಲದಿದ್ದರೆ ಒಪ್ಪಂದ ಒಂದೇ ಕಡೆಯದಾಗುತ್ತದೆ. ಸಹಿಗೆ ಮುಂಚೆ ವಕೀಲರಿಗೆ ತೋರಿಸಿ, ನರ್ಸ್‌ಗೂ ಮನೆಗೆ ಒಯ್ದು ಓದಲು ಸಮಯ ಕೊಡಿ.

ಒರಿಜಿನಲ್ ಸರ್ಟಿಫಿಕೇಟ್ ಬೀರುವಿನಲ್ಲಿ ಇಡುವುದಂತೂ ಬೇಡವೇ ಬೇಡ. ಅದು ಆಕೆಯ ಆಸ್ತಿ. ನೋಡಿ, ಪ್ರತಿ ತೆಗೆದುಕೊಂಡು, ಅದೇ ದಿನ ವಾಪಸ್ ಕೊಡಿ. ಪೊಲೀಸ್ ದೂರು, ಕೌನ್ಸಿಲ್ ದೂರು, ಪೇಪರಿನಲ್ಲಿ ಸುದ್ದಿ ಎಲ್ಲಕ್ಕೂ ಅದು ಬಾಗಿಲು. ಅದಕ್ಕಿಂತ ಮುಖ್ಯ, ಸರ್ಟಿಫಿಕೇಟ್ ಇಟ್ಟುಕೊಳ್ಳುವ ಆಸ್ಪತ್ರೆ ಎಂಬ ಹೆಸರು ಹಾಸ್ಟೆಲ್‌ಗಳಲ್ಲಿ ಒಂದೇ ವಾರದಲ್ಲಿ ಹಬ್ಬುತ್ತದೆ. ಆಮೇಲೆ ಒಳ್ಳೆಯ ಹುಡುಗಿಯರು ನಿಮ್ಮ ಇಂಟರ್‌ವ್ಯೂಗೇ ಬರುವುದಿಲ್ಲ.

ಜನರನ್ನು ಉಳಿಸುವುದು ಮೇಲೇರುವ ಮೆಟ್ಟಿಲು. ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದ ಮೇಲೆ ಇನ್‌ಚಾರ್ಜ್, ಆಮೇಲೆ ಮೆಟ್ರನ್, ಅಷ್ಟೇ. ಮೆಟ್ರನ್ ನಿವೃತ್ತಿ ಆಗುವವರೆಗೆ ಉಳಿದ 35 ಜನ ಕಾಯಬೇಕು. ಹೊಸಬರಿಂದ ಪಳಗಿದವರವರೆಗೆ ನರ್ಸ್‌ನ ಕೌಶಲ ಐದು ಹಂತದಲ್ಲಿ ಬೆಳೆಯುತ್ತದೆ ಎಂದು ಪ್ಯಾಟ್ರಿಷಿಯಾ ಬೆನ್ನರ್ ಎಂಬ ಅಮೆರಿಕದ ನರ್ಸ್ 1980ರ ದಶಕದಲ್ಲೇ ತೋರಿಸಿಕೊಟ್ಟರು. ನಿಮಗೆ ಐದು ಬೇಡ, ಮೂರು ಸಾಕು. ಹಂತ ಏರಲು ಏನು ಮಾಡಿ ತೋರಿಸಬೇಕು ಎಂದು ಒಂದೊಂದು ಪುಟ ಬರೆಯಿರಿ. ಪ್ರತಿ ಹಂತಕ್ಕೂ ತಿಂಗಳಿಗೆ 1,500ರಿಂದ 2,000 ಭತ್ಯೆ ಸೇರಲಿ. ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ವಿಷಯದ ಹೊಣೆ ಕೊಡಿ. ಸೋಂಕು ನಿಯಂತ್ರಣಕ್ಕೆ ಒಬ್ಬರು, ಡಯಾಬಿಟಿಸ್‌ಗೆ ಒಬ್ಬರು, ಗಾಯದ ಡ್ರೆಸ್ಸಿಂಗ್‌ಗೆ ಒಬ್ಬರು. ನ್ಯಾಬ್ ಮಾನ್ಯತೆಗೆ ಸೋಂಕು ನಿಯಂತ್ರಣ ನರ್ಸ್ ಹೇಗೂ ಬೇಕು. ವಾರಕ್ಕೆ ಅರ್ಧ ದಿನ ಆ ಕೆಲಸಕ್ಕೆಂದೇ ಬಿಡಿ. ಹೆಸರು ಬೋರ್ಡಿನಲ್ಲಿ ಬರೆದು ಸಮಯ ಕೊಡದಿದ್ದರೆ ಅದು ಬರೀ ಹೆಚ್ಚುವರಿ ಹೊರೆ.

ಇದರಲ್ಲಿ ಅಪಾಯವೂ ಇದೆ. ಮೆಟ್ಟಿಲು ಹತ್ತಿಸುವವರು ತಮಗೆ ಬೇಕಾದವರನ್ನೇ ಹತ್ತಿಸಿದರೆ ವಾರ್ಡ್ ಎರಡು ಗುಂಪಾಗುತ್ತದೆ. ಮಂಗಳೂರಿನವರು ಒಂದು ಕಡೆ, ಕೇರಳದವರು ಒಂದು ಕಡೆ, ನಡುವೆ ಮರಾಠಿ ಸಿಸ್ಟರ್‌ಗಳು. ನಿಮ್ಮ ಸಮಾಜದ ಆಸ್ಪತ್ರೆಯಾದ್ದರಿಂದ ಈ ಅನುಮಾನ ಇನ್ನೂ ಬೇಗ ಹುಟ್ಟುತ್ತದೆ. ಆಯ್ಕೆಗೆ ಮೂವರು ಕೂರಲಿ. ಮೆಟ್ರನ್, ಒಬ್ಬ ಡಾಕ್ಟರ್, ಹೊರಗಿನ ಒಬ್ಬ ನರ್ಸಿಂಗ್ ಶಿಕ್ಷಕಿ. ಟ್ರಸ್ಟಿಗಳು ಬೇಡ, ಕಾರ್ಯದರ್ಶಿಗಳೂ ಬೇಡ!

ಕಲಿಸುವವರು ಯಾರು ಎಂಬುದು ಉಳಿಯಿತು. ಮೆಟ್ರನ್ ಮೇಲೆ ಹೊರಿಸಬೇಡಿ. ನಿಮ್ಮ ಮೆಟ್ರನ್ ಈಗಲೇ ಲಿನನ್, ಜಗಳ, ರೋಸ್ಟರ್, ವಿಐಪಿ ರೋಗಿಗಳ ನಡುವೆ ಓಡುತ್ತಿರಬೇಕು. ನಿಮ್ಮ 4 ಬಿಎಸ್ಸಿ ನರ್ಸ್‌ಗಳಲ್ಲಿ ಕಲಿಸುವ ಗುಣ ಇರುವವರನ್ನು ಹುಡುಕಿ. ವಾರಕ್ಕೆ ಎರಡು ದಿನ ವಾರ್ಡ್ ಕೆಲಸದಿಂದ ಬಿಡುಗಡೆ ಮಾಡಿ, ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಅಂತ ಪತ್ರ ಕೊಡಿ. ಬದಲಿ ನರ್ಸ್‌ನ ಉಳಿದ ಅರ್ಧ ವರ್ಷದ ಬಹುಪಾಲು ಇಲ್ಲೇ ಖರ್ಚಾಗುತ್ತದೆ. ಸಿಎನ್‌ಇ ಗಂಟೆ ಕೌನ್ಸಿಲ್ ಲೆಕ್ಕಕ್ಕೆ ಬರಬೇಕಾದರೆ ಕಾರ್ಯಕ್ರಮಕ್ಕೆ ಮೊದಲೇ ಮಾನ್ಯತೆ ಪಡೆದಿರಬೇಕು. ನೆರೆಯ ನಾಲ್ಕು ಸಣ್ಣ ಆಸ್ಪತ್ರೆಗಳು ಸೇರಿ ಮಾಡಿದರೆ ಖರ್ಚು ಹಂಚಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಹೋಗುವವರಿಗೆ ಅನುಭವ ಪತ್ರವನ್ನು ಕೊನೆಯ ದಿನವೇ ಕೊಡಿ. ಸೇರಿದ ದಿನ, ಬಿಟ್ಟ ದಿನ, ವಾರ್ಡ್, ಹಾಸಿಗೆ ಸಂಖ್ಯೆ ಎಲ್ಲ ಸರಿಯಾಗಿ ಇರಲಿ. ಗಲ್ಫ್‌ಗೆ ಹೋಗುವವರ ದಾಖಲೆಯನ್ನು ಡೇಟಾಫ್ಲೋ ಎಂಬ ಸಂಸ್ಥೆ ಪರಿಶೀಲಿಸುತ್ತದೆ, ನಿಮಗೆ ಇಮೇಲ್ ಬರುತ್ತದೆ. ಅದಕ್ಕೆ ಉತ್ತರ ಹೋಗದಿದ್ದರೆ ಆಕೆಯ ಲೈಸೆನ್ಸ್ ನಿಲ್ಲುತ್ತದೆ. ಆ ವಿಷಯ ನಿಮ್ಮಲ್ಲಿ ಉಳಿದ 35 ಜನಕ್ಕೂ ಗೊತ್ತಾಗುತ್ತದೆ. ಲೆಟರ್‌ಹೆಡ್‌ನಲ್ಲಿ ಅಚ್ಚು ಮಾಡಿಸಿರುವ ಇಮೇಲ್ ವಿಳಾಸವನ್ನು ದಿನಾ ತೆರೆದು ನೋಡುವವರು ಯಾರು ಅಂತ ನಾಳೆಯೇ ಆಫೀಸಿನಲ್ಲಿ ವಿಚಾರಿಸಿ.